ಟೋಕನ್ ಏಳು ಮತ್ತು ಸ್ಟೆಲ್ಲಾ ಮೇಡಂ

ಸ್ಟೆಲ್ಲಾ ಮೇಡಂ ವೆಬ್‌ಸೈಟ್‌ಗಳನ್ನು ಬರೆಯುತ್ತಿದ್ದದ್ದು ಹುಬ್ಬು ತೀಡುವ ಪೆನ್ಸಿಲ್ಲಿನಲ್ಲಿ. ಅವರ ಹುಬ್ಬಿಗೆ ಅದರ ಅಗತ್ಯವೇನೂ ಇರಲಿಲ್ಲ. ಹುಟ್ಟಿನಿಂದಲೇ ಅವು ದಪ್ಪ, ಕಪ್ಪು, ಎದುರಿಗಿದ್ದವರ ಮಾತನ್ನು ಅರ್ಧಕ್ಕೇ ನಿಲ್ಲಿಸುವಷ್ಟು ಜೋರು. ಪೆನ್ಸಿಲ್ಲು ಮಾತ್ರ ಫ್ಯಾನ್ಸಿ ಸ್ಟೋರಿನಿಂದ ಡಜನ್ ಲೆಕ್ಕದಲ್ಲಿ ಬರುತ್ತಿತ್ತು. ಬಂಗಾರಪೇಟೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಮದುವೆ ಕಾರ್ಡು, ವೆಬ್‌ಸೈಟು ಮಾಡಿಕೊಡುವ ನನ್ನ ಅಂಗಡಿಯಲ್ಲಿ, ಅಚ್ಚು ಕೆಟ್ಟ ಮದುವೆ ಕಾರ್ಡುಗಳನ್ನು ಮಗುಚಿ, ಬಿಳಿ ಬೆನ್ನಿನ ಮೇಲೆ ವೆಬ್‌ಸೈಟಿನ ಪುಟಗಳನ್ನು ಚೌಕಾಕಾರದ ಡಬ್ಬಿ ಡಬ್ಬಿಯಾಗಿ ಗೀಚುತ್ತಾ ಕೂರುತ್ತಿದ್ದರು. ಸಂಜೆಯ ಹೊತ್ತಿಗೆ ಬೆರಳು, ಸೀರೆಯ ಸೆರಗು, ಕುಡಿದಿಟ್ಟ ಟೀ ಲೋಟ, ಎಲ್ಲಕ್ಕೂ ಮಸಿ.

ಕಂಪ್ಯೂಟರಿದೆ, ಪ್ರಿಂಟರಿದೆ, ಕೊನೆಗೆ ಒಂದು ಒಳ್ಳೆಯ ಎಚ್.ಬಿ. ಪೆನ್ಸಿಲ್ಲಾದರೂ ಇದೆ, ಇದೇ ಯಾಕೆ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಕೆಳಗಿಳಿಸಿದರು. ಶೂ ಲೇಸಿಗೆ ಕಟ್ಟಿದ ಆ ಕನ್ನಡಕ ಕೊರಳಲ್ಲಿ ಗಂಟೆಯ ಹಾಗೆ ತೂಗುತ್ತಿತ್ತು.

"ಸಾರ್, ಇದು ತೀಡಿದ್ರೆ ಅಳ್ಸೋಗ್ತದೆ. ಅಳ್ಸೋಗೋದು ಅಂತ ಗೊತ್ತಾದ್ರೆ ಜನ ಮನಸ್ಸಲ್ಲಿರೋದು ಬಾಯಿ ಬಿಡ್ತಾರೆ. ನೀವು ಕಲರ್ ಹಾಕಿ ಕೊಟ್ರೆ, 'ಚೆನ್ನಾಗದೆ' ಅಂದ್ಬುಟ್ಟು ಮನೆಗೋಗಿ ಬೈಕೋತಾರೆ."

ನನಗೆ ಈ ತತ್ವ ಒಪ್ಪಿಗೆಯಾಗಲಿಲ್ಲ. ನಾನು ಹುಟ್ಟಾ ಚಿಂತೆಗಾರ. ಗಿರಾಕಿ ಫೋನು ಮಾಡದಿದ್ದರೆ ಕೋಪ ಬಂದಿದೆಯೇನೋ ಅಂತ ಚಿಂತೆ, ಮಾಡಿದರೆ ಕೋಪದಲ್ಲೇ ಮಾಡಿದ್ದಾರೆ ಅಂತ ಖಾತ್ರಿ. ಅರೆಬರೆ ಕೆಲಸವನ್ನು ಯಾರಿಗಾದರೂ ತೋರಿಸುವುದೆಂದರೆ ಬನಿಯನ್ನಿನಲ್ಲಿ ಮದುವೆಮನೆಗೆ ಹೋದಷ್ಟು ಮುಜುಗರ. ಹಾಗಾಗಿ ಇನ್ನೂ ಕಟ್ಟದ ವೆಬ್‌ಸೈಟಿನ ಮಾದರಿಯನ್ನು ನಾನು ಕಟ್ಟಿಯಾದ ವೆಬ್‌ಸೈಟಿಗಿಂತ ಚೆನ್ನಾಗಿ ಸಿಂಗರಿಸುತ್ತಿದ್ದೆ. ಆಮೇಲೆ ಕಟ್ಟಿದ್ದು ಮಾದರಿಯ ಹಾಗೆ ಕಾಣುವುದಿಲ್ಲವೆಂದು ಗಿರಾಕಿಯ ಜೊತೆ ನಾನೂ ಕೊರಗುತ್ತಿದ್ದೆ.

ಮೇಡಂ ಊರಿಗಾಂ ಕಡೆಯವರು. ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿದ್ದವರು. ಇವರು ಹತ್ತಿರದ ಒಂದು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ದೊಡ್ಡ ದೊಡ್ಡ ಯಂತ್ರಗಳ ನಕ್ಷೆಗಳನ್ನು ಟ್ರೇಸಿಂಗ್ ಪೇಪರಿನ ಮೇಲೆ ಇಳಿಸುತ್ತಿದ್ದರು. ಆ ಕೆಲಸವನ್ನು ಕಂಪ್ಯೂಟರು ತೆಗೆದುಕೊಂಡ ಮೇಲೆ ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು ಮನೆಯಲ್ಲಿ ಕೂತು, ಎರಡನೇ ವಾರಕ್ಕೇ ಬೇಜಾರಾಗಿ, ಅಣ್ಣನ ಮಗಳ ಮದುವೆ ಕಾರ್ಡು ಮಾಡಿಸಲು ನನ್ನಲ್ಲಿಗೆ ಬಂದರು. ಪ್ರೂಫ್ ನೋಡಿ, ಹೂವಿನ ಬಳ್ಳಿ ಮದುಮಗನ ಹೆಸರನ್ನು ನುಂಗುತ್ತಿದೆ ಎಂದರು. ತಿದ್ದಿದೆ. ಈಗ ಮದುಮಗಳದ್ದನ್ನು ನುಂಗುತ್ತಿದೆ ಎಂದರು. ಕೊನೆಗೆ ನನ್ನ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ತಾವೇ ಕೂತರು. ಅಷ್ಟೇ. ಮಾರನೆಯ ದಿನವೂ ಬೆಳಗಿನ ರೈಲಿಗೆ ಬಂದರು. ಯಾಕೆ ಬಂದಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಸಂಬಳ ಎಷ್ಟು ಎಂದು ಅವರೇ ಕೇಳಿದರು.

ಅವರ ಪೆನ್ಸಿಲ್ಲಿನ ಮಹಿಮೆಯನ್ನು ನಾನು ಕಣ್ಣಾರೆ ಕಂಡದ್ದು ಒಂದು ಕಲ್ಯಾಣ ಮಂಟಪದ ವೆಬ್‌ಸೈಟಿನಲ್ಲಿ. ಮಂಟಪದ ಮಾಲೀಕರಿಗೆ ಮೊದಲ ಪುಟದಲ್ಲಿ ತಮ್ಮದೇ ಭಾವಚಿತ್ರ ಬೇಕಿತ್ತು, ಬಾಯಿಬಿಟ್ಟು ಹೇಳಲು ನಾಚಿಕೆ. ಮೇಡಂ ತಾವಾಗಿಯೇ ಕಾರ್ಡಿನ ಮೇಲೆ ಅವರ ಮುಖ ಗೀಚಿ, ಮೀಸೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಎಳೆದರು. ಮಾಲೀಕರು ಅದನ್ನೇ ಒಂದಷ್ಟು ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಮೀಸೆ ಒರೆಸಿದರು, ಇನ್ನೂ ಸ್ವಲ್ಪ ಯೋಚಿಸಿ ಮುಖವನ್ನೂ ಒರೆಸಿದರು. "ಇಲ್ಲಿ ಅಡುಗೆಮನೆ ಫೋಟೋ ಹಾಕಮ್ಮ, ಎಲ್ರೂ ಅದ್ನೇ ಕೇಳೋದು" ಎಂದರು. ನಾನಾಗಿದ್ದರೆ ಮುಖದ ಸುತ್ತ ಬಂಗಾರದ ಚೌಕಟ್ಟು ಹಾಕಿ, ಮೂರು ತಿಂಗಳು ಅದರ ಬಣ್ಣ ತಿದ್ದುತ್ತಿದ್ದೆ.

ಅವರಿಗೆ ಪೇಪರು ಬರೀ ಚಿತ್ರವಲ್ಲ, ಆಟವೂ ಆಗಿತ್ತು. ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಬಂದವರಿಗೆ "ಒತ್ತಿ" ಅನ್ನುತ್ತಿದ್ದರು. ಬಂದವರು ಡಬ್ಬಿಯೊಂದರ ಮೇಲೆ ಬೆರಳಿಟ್ಟ ಕೂಡಲೇ ಆ ಕಾರ್ಡನ್ನು ಎತ್ತಿ ಮುಂದಿನದನ್ನು ಇಡುವರು. ತಾವೇ ಕಂಪ್ಯೂಟರು. ಒಮ್ಮೊಮ್ಮೆ ಟೀ ಬಂದಾಗ ಕಂಪ್ಯೂಟರು ನಿಂತುಹೋಗುತ್ತಿತ್ತು, ಫ್ಯಾನು ಹಾಕಿದರೆ ಇಡೀ ವೆಬ್‌ಸೈಟು ಹಾರಿ ರಸ್ತೆಗೆ ಬೀಳುತ್ತಿತ್ತು.

ಆದರೂ ನಾನು ಸುಮ್ಮನಿರಲಿಲ್ಲ. ಮಾದರಿ ಮಾಡಲಿಕ್ಕೆಂದೇ ಬಂದಿರುವ ಸಾಫ್ಟ್‌ವೇರನ್ನು ಹಾಕಿಸಿ, ಇದನ್ನೊಂದು ಸಲ ನೋಡಿ ಎಂದು ದಿನಾ ಪೀಡಿಸಿದೆ. ಮೇಡಂ ನೋಡಲಿಲ್ಲ. ನೋಡುವಂತೆ ಮಾಡಿದವರು ನಾರಾಯಣಸ್ವಾಮಿ. ಊರಿನ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯ ಮ್ಯಾನೇಜರು.

ಆ ಆಸ್ಪತ್ರೆಗೆ ಸೋಮವಾರ ಮಾತ್ರ ಕೋಲಾರದಿಂದ ಮೂಳೆ ಡಾಕ್ಟರು ಬರುತ್ತಿದ್ದರು. ಬೂದಿಕೋಟೆ ಕಡೆಯ ಹಳ್ಳಿಗಳವರು, ಕೂಲಿ ಬಿಟ್ಟು, ಮೊದಲ ಬಸ್ಸಿಗೇ ಬಂದು, ಗೇಟಿನ ಮುಂದೆ ತಮ್ಮ ಚಪ್ಪಲಿಯನ್ನೋ ಚೀಲವನ್ನೋ ಸಾಲಾಗಿ ಇಟ್ಟು, ಬೇವಿನ ಮರದ ಕೆಳಗೆ ಕೂರುವುದು ವಾಡಿಕೆ. ಚಪ್ಪಲಿ ನಿಂತ ಜಾಗವೇ ಅವರ ಸರದಿ. ಅದರ ಬದಲು ಫೋನಿನಲ್ಲೇ ಟೋಕನ್ ಸಿಗುವ ವೆಬ್‌ಸೈಟು ಬೇಕು ಎಂದು ನಾರಾಯಣಸ್ವಾಮಿ ಬಂದಿದ್ದರು. ಮೇಡಂ ಎಂದಿನಂತೆ ಮಸಿ ಕಾರ್ಡುಗಳನ್ನು ಹರಡಿದರು. ನಾರಾಯಣಸ್ವಾಮಿ ಬೆರಳು ತಾಗಿಸಲೂ ಇಲ್ಲ.

"ಏನಮ್ಮ ಇದು, ಒಲೆ ಇದ್ಲಲ್ಲಿ ಗೀಚ್ದಂಗಿದೆ. ಟ್ರಸ್ಟಿಗಳ ಮುಂದೆ ಇದ್ನ ಹಿಡ್ಕೊಂಡು ನಿಂತ್ಕೊಳ್ಲಾ?"

ಮೇಡಂ ಕಾರ್ಡುಗಳನ್ನು ಬಾಚಿ ಚೀಲಕ್ಕೆ ಹಾಕಿಕೊಂಡರು. ಮಾರನೆಯ ದಿನ ಬಂದವರೇ ಕಂಪ್ಯೂಟರಿನ ಮುಂದೆ ಕೂತು, ಆ ಸಾಫ್ಟ್‌ವೇರು ತೆರೆಯಿರಿ ಎಂದರು. ವಾರ ಕಳೆಯುವುದರೊಳಗೆ ಅದರ ಮೇಲೆ ಸವಾರಿ ಮಾಡುತ್ತಿದ್ದರು. ಗೆರೆ ಒಂದು ಕೂದಲೆಳೆ ಆಚೀಚೆ ಆಗದಂತೆ ಕೂರುವುದನ್ನು ನೋಡಿ, ಹಳೆಯ ಟ್ರೇಸಿಂಗ್ ಮೇಜಿಗೆ ವಾಪಸ್ಸಾದವರ ಹಾಗೆ ಖುಷಿಪಟ್ಟರು. "ಸೂಪರಾ ಇರ್ಕು ಸಾರ್, ಮಸೀನೇ ಆಗಲ್ಲ" ಎಂದು ತಮಿಳು ಬೆರೆಸಿ ಹೇಳಿ ಬೆರಳು ತೋರಿಸಿದರು. ಶುಕ್ರವಾರದ ಹೊತ್ತಿಗೆ ಮಾದರಿ ಸಿದ್ಧವಾಯಿತು. ತಿಳಿ ನೀಲಿ ಬಣ್ಣ, ನಡುವೆ ದೊಡ್ಡ ಹಸಿರು ಟಿಕ್ಕು, ಕೆಳಗೆ ಅಂದವಾದ ಅಕ್ಷರಗಳಲ್ಲಿ: 'ನಿಮ್ಮ ಟೋಕನ್ ಸಿದ್ಧವಾಗಿದೆ. ಸಂಖ್ಯೆ ಏಳು. ಸೋಮವಾರ, ಬೆಳಿಗ್ಗೆ ಒಂಬತ್ತೂವರೆ.' ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಸುಮ್ಮನೆ ತುಂಬಿದ ಏಳು. ಜೀವನದಲ್ಲಿ ಮೊದಲ ಬಾರಿಗೆ ನಾನು ಯಾವ ಚಿಂತೆಯೂ ಇಲ್ಲದೆ ಒಂದು ಮಾದರಿಯನ್ನು ಗಿರಾಕಿಗೆ ಕಳಿಸಿದೆ.

ಹಿಗ್ಗಿದ ನಾರಾಯಣಸ್ವಾಮಿ ಅದನ್ನು ಟ್ರಸ್ಟಿಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಟ್ರಸ್ಟಿಯೊಬ್ಬರು ತಮ್ಮೂರಿನ ಹಾಲಿನ ಡೇರಿಯ ಗುಂಪಿಗೆ ದಾಟಿಸಿದರು. ಡೇರಿಯಿಂದ ಡೇರಿಗೆ ಹಾಲು ಹೋಗುತ್ತದೋ ಇಲ್ಲವೋ, ಚಿತ್ರ ಹೋಯಿತು.

ಸೋಮವಾರ ಬೆಳಿಗ್ಗೆ ನಾರಾಯಣಸ್ವಾಮಿ ಫೋನು ಮಾಡಿದಾಗ ಅವರ ದನಿಗಿಂತ ಹಿಂದಿನ ಗದ್ದಲವೇ ಜೋರಾಗಿ ಕೇಳಿಸುತ್ತಿತ್ತು. ಆಗಷ್ಟೇ ರೈಲಿಳಿದು ಬಂದ ಮೇಡಂ ಚೀಲ ಕೆಳಗಿಡದೆ ನನ್ನ ಜೊತೆ ಹೊರಟರು. ಗೇಟಿನ ಮುಂದೆ ಒಂದೇ ಒಂದು ಚಪ್ಪಲಿ ಸಾಲಿನಲ್ಲಿರಲಿಲ್ಲ. ಯಾರೂ ಮೊದಲ ಬಸ್ಸಿಗೆ ಬಂದಿರಲಿಲ್ಲ. ಎಲ್ಲರೂ ಆರಾಮವಾಗಿ ಮುದ್ದೆ ಉಂಡು, ಸರಿಯಾಗಿ ಒಂಬತ್ತೂವರೆಗೆ ಬಂದಿಳಿದಿದ್ದರು. ಎಲ್ಲರ ಫೋನಿನಲ್ಲೂ ಹಸಿರು ಟಿಕ್ಕು. ಎಲ್ಲರದೂ ಟೋಕನ್ ಏಳು.

"ನಂದು ಏಳು, ನೋಡ್ಲಾ ಇಲ್ಲಿ."

"ನಂದೇನು ಎಂಟಾ? ಕಣ್ಣು ಬುಟ್ಟು ನೋಡು."

ಒಂದರಿಂದ ಆರರವರೆಗಿನವರು ಯಾರು, ಎಲ್ಲಿ ಅಡಗಿಸಿದ್ದೀರಿ ಎಂದು ಒಬ್ಬರು ಕಾವಲುಗಾರನ ಅಂಗಿ ಹಿಡಿದಿದ್ದರು. ಡಾಕ್ಟರು ಒಳಗೆ ಕೂತಿದ್ದರು, ಗಲಾಟೆಗೆ ಹೆದರಿ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಮಧ್ಯಾಹ್ನ ಅವರು ಹೊರಟುಬಿಟ್ಟರೆ ಇನ್ನೊಂದು ಸೋಮವಾರದ ತನಕ ಈ ಮುರಿದ ಕೈಗಳಿಗೆ, ಊದಿದ ಮಂಡಿಗಳಿಗೆ ಗತಿಯಿಲ್ಲ. ಮತ್ತೊಂದು ದಿನದ ಕೂಲಿ ಬಿಡುವುದು ಅವರಲ್ಲಿ ಎಷ್ಟು ಜನರಿಂದಾದೀತು? ನಾನು ಮನಸ್ಸಿನಲ್ಲೇ ಅಂಗಡಿಯ ಬೋರ್ಡು ಇಳಿಸಿ, ಪೊಲೀಸ್ ಸ್ಟೇಷನ್ನಿನಲ್ಲಿ ಕೂತು, ಹೆಂಡತಿಗೆ ಏನು ಹೇಳುವುದೆಂದು ಯೋಚಿಸುವ ಹಂತ ತಲುಪಿದ್ದೆ. ಕಾಲು ಮಾತ್ರ ಗೇಟಿನಿಂದ ಈಚೆಯೇ ಇತ್ತು.

ಮೇಡಂ ನೇರವಾಗಿ ಜನರ ಮಧ್ಯಕ್ಕೆ ಹೋದರು.

"ಆ ಏಳು ಬರ್ದಿದ್ದು ನಾನು. ಆಸ್ಪತ್ರೆಯೋರು ಕೊಟ್ಟಿದ್ದಲ್ಲ. ಅದು ಬರೀ ಬೊಮ್ಮೆ. ನೋಡೋಕೆ ಚೆನ್ನಾಗಿರ್ಲಿ ಅಂತ ಹಾಕ್ದೆ. ತಪ್ಪು ನಂದು."

ಜನ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರು ಔಷಧಿಯ ರಟ್ಟಿನ ಡಬ್ಬವೊಂದನ್ನು ಹರಿದು, ಅದರ ಅಗಲವಾದ ಬದಿಯ ಮೇಲೆ ಹುಬ್ಬಿನ ಪೆನ್ಸಿಲ್ಲಿನಿಂದ ಮೂರು ಡಬ್ಬಿ ಗೀಚಿ, ಒಳಗೆ ಹೆಸರು, ಊರು, ವಯಸ್ಸು ಎಂದು ಬರೆದು, ಬೇವಿನ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆಯತೊಡಗಿದರು. ವಯಸ್ಸಾದವರು ಮೊದಲು ಎಂದರು. ಅಲ್ಲೇ ಕೆಟ್ಟಿತು. ಬಂದವರೆಲ್ಲ ವಯಸ್ಸಾದವರೇ. ಗಡ್ಡ ಕಪ್ಪಗಿದ್ದವನೊಬ್ಬ ತನಗೆ ಎಪ್ಪತ್ತು ಎಂದ. ಅವನ ಅತ್ತೆ, ಹಾಗಾದರೆ ನನಗೆ ನೂರು ಅಂತ ಬರೆದುಕೋ ಎಂದಳು. ಮತ್ತೆ ಗದ್ದಲ.

ಆಗ ಕೈಯನ್ನು ಟವೆಲಿನಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ ಮುನಿಯಮ್ಮ ಎಂಬ ಹೆಂಗಸು ರಟ್ಟಿನ ಮುಂದೆ ಬಂದು, ಮೂರನೇ ಡಬ್ಬಿ ಯಾವುದು ಎಂದು ಕೇಳಿ ತಿಳಿದು, ಅದರ ಮೇಲೆ ಅಂಗೈ ಇಟ್ಟಳು.

"ವಯಸ್ಸು ತಕೊಂಡು ಏನ್ ಮಾಡ್ತೀಯಾ ತಾಯಿ? ನಮ್ಮೂರ್ಗೆ ಮದ್ಯಾನ ಒಂದೇ ಬಸ್ಸು. ಅದು ಬುಟ್ರೆ ಕತ್ಲಾಗ್ತದೆ. ಅಗೋ ಆವಮ್ಮ ಬಂಗಾರಪ್ಯಾಟೆಯೋಳೇ, ನಡ್ಕೊಂಡು ಓಗ್ತಾಳೆ. ಬಸ್ಸು ಕೇಳು."

ಮೇಡಂ ಅವಳ ಅಂಗೈ ಎತ್ತಿಸಿ, ಬೆರಳಿನಿಂದ 'ವಯಸ್ಸು' ಉಜ್ಜಿ, 'ವಾಪಸ್ ಬಸ್ಸು' ಎಂದು ಬರೆದರು. ಅಲ್ಲಿಗೆ ಗದ್ದಲ ಮುಗಿಯಿತು ನೋಡಿ. ವಯಸ್ಸಿನಲ್ಲಿ ಸುಳ್ಳು ಹೇಳಿದವರು ಬಸ್ಸಿನ ವಿಷಯದಲ್ಲಿ ಹೇಳುವಂತಿರಲಿಲ್ಲ, ಪಕ್ಕದಲ್ಲೇ ಅದೇ ಊರಿನವರು ನಿಂತಿದ್ದರು. ಮೊದಲ ಬಸ್ಸಿನವರು ಮುಂದಕ್ಕೆ, ಸಂಜೆಯವರು ಮರದ ಕೆಳಗೆ, ಬಂಗಾರಪೇಟೆಯವರು ಮನೆಗೆ ಹೋಗಿ ಊಟ ಮಾಡಿ ಬನ್ನಿ ಎಂದರು. ಸಾಲು ತಾನಾಗಿ ಬಿತ್ತು. ಡಾಕ್ಟರು ಬಾಗಿಲು ತೆರೆಸಿದರು. ವಿಷಯ ತಿಳಿದು, ನನಗೆ ಯಾವ ಬಸ್ಸೂ ಇಲ್ಲ, ಕಾರಿದೆ ಎಂದು ಎಲ್ಲರೂ ಮುಗಿಯುವ ತನಕ ಕೂತರು. ಮುನಿಯಮ್ಮನಿಗೆ ಅವಳ ಬಸ್ಸು ಸಿಕ್ಕಿತು. ನಾನೇ ಹತ್ತಿಸಿ ಬಂದೆ. ಬೂದಿಕೋಟೆಯ ಒಬ್ಬ ಮುದುಕರು ನನ್ನತ್ತ ಬಂದರು. ಹೊಡೆಯಲು ಬಂದರೆಂದು ನಾನು ಹಿಂದೆ ಸರಿದದ್ದು ನೋಡಿ ನಕ್ಕು, ಮುಂದಿನ ವಾರವೂ ಹೀಗೇ ಮುದ್ದೆ ಉಂಡ್ಕೊಂಡು ಬರಬೋದಾ ಎಂದು ಕೇಳಿದರು. ಅಷ್ಟೇ ಕೇಳಬೇಕಿತ್ತಂತೆ. ಎದೆಯ ಮೇಲಿದ್ದ ರಾಗಿಕಲ್ಲನ್ನು ಯಾರೋ ಇಳಿಸಿದಂತಾಯಿತು. ಕಟ್ಟೆಯ ಮೇಲೆ ಕೂತು ಇಡೀ ಬಾಟಲಿ ನೀರು ಕುಡಿದೆ.

ಅಂಗಡಿಗೆ ಬಂದ ಮೇಲೆ, ನಿಮ್ಮ ಮಸಿಯೇ ಸರಿ ಮೇಡಂ, ಈ ಸಾಫ್ಟ್‌ವೇರು ತೆಗೆದುಹಾಕುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಕೇಳುವುದಕ್ಕೆ ಮಸಿ, ತೋರಿಸುವುದಕ್ಕೆ ಬಣ್ಣ. ಕೇಳಿ ಮುಗಿಸುವ ಮುಂಚೆ ತೋರಿಸಿದ್ದು ತಮ್ಮ ತಪ್ಪು ಎಂದರು. ಆಮೇಲೆ ನಮ್ಮ ಬಣ್ಣದ ಮಾದರಿಗಳಲ್ಲೆಲ್ಲ ಟೋಕನ್ ಸೊನ್ನೆ, ಹೆಸರಿನ ಜಾಗದಲ್ಲಿ 'ಹೆಸರು', ಅಡ್ಡಡ್ಡಲಾಗಿ ಕೆಂಪಕ್ಷರದಲ್ಲಿ 'ನಮೂನೆ' ಎಂದು ಬಂತು. ಆಸ್ಪತ್ರೆಯ ವೆಬ್‌ಸೈಟೂ ಆಯಿತು. ಅದು ಕೇಳುವ ಮೊದಲ ಪ್ರಶ್ನೆ, ನಿಮ್ಮ ವಾಪಸ್ ಬಸ್ಸು ಎಷ್ಟು ಗಂಟೆಗೆ.

ಆದರೆ ಫೋನಿಲ್ಲದವರಿಗೆ ಅದೇ ಪ್ರಶ್ನೆಯನ್ನು ಕೇಳಲು ಒಬ್ಬರು ಬೇಕಲ್ಲ. ನಾರಾಯಣಸ್ವಾಮಿ ಬಂದು ಸ್ಟೆಲ್ಲಾ ಮೇಡಂ ಅವರನ್ನೇ ಕೇಳಿದರು. ಮೇಡಂ ಹೋದರು. ಪೇಪರಿನ ಜನ ಸಾಕು, ನಿಜವಾದ ಜನರನ್ನು ನೋಡುತ್ತೇನೆ ಎಂದರು. ಅಂಗಡಿ ಮುಚ್ಚಿಹೋಗುತ್ತದೆಂದು ನಾನು ತಿಂಗಳುಗಟ್ಟಲೆ ಕಂಗಾಲಾದೆ. ಮುಚ್ಚಲಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಅಲ್ಲೇ, ಆಸ್ಪತ್ರೆಯ ಕೌಂಟರಿನ ಕಿಟಕಿಯಲ್ಲಿ. ನನ್ನ ಎಡ ಮಂಡಿಯಲ್ಲಿ ಚಳುಕು. ಅಂತರ್ಜಾಲದಲ್ಲಿ ಓದಿ, ಕಾಲು ಉಳಿಯುವುದಿಲ್ಲವೆಂದು ತೀರ್ಮಾನಿಸಿ ಹೋಗಿದ್ದೆ. ಮೇಡಂ ತಲೆ ಎತ್ತಿ, ಗುರುತೇ ಇಲ್ಲದವರಂತೆ, ಯಾವ ಬಸ್ಸು ಎಂದರು.

"ನಾನು ಮೇಡಂ."

"ಗೊತ್ತು ಸಾರ್. ಬಸ್ ಯಾವ್ದು?"

"ಮನೆ ಇಲ್ಲೇ ಅಲ್ವಾ."

"ಆಗಾದ್ರೆ ಕೊನೇಲಿ. ಓಗಿ, ನೆರಳಲ್ಲಿ ಕೂತ್ಕೊಳ್ಳಿ. ನಿಮ್ ಕಾಲಿಗೆ ಏನೂ ಆಗಿರಲ್ಲ."

ಕೂತೆ. ಊರೂರಿನವರು ಬಂದರು, ತೋರಿಸಿಕೊಂಡರು, ಬಸ್ಸಿಗೆ ಓಡಿದರು. ಡಾಕ್ಟರು ಮಂಡಿಯನ್ನು ಮಡಚಿ, ಬಿಡಿಸಿ, ವಯಸ್ಸಿನ ನೋವು, ದಿನಾ ನಡೆಯಿರಿ ಎಂದರು. ಮೇಡಂಗೆ ಹೇಳಿಹೋಗೋಣವೆಂದು ಹೊರಗೆ ಬಂದರೆ ಕಿಟಕಿ ಮುಚ್ಚಿತ್ತು. ಊರಿಗಾಂ ರೈಲಿನ ಹೊತ್ತಾಗಿತ್ತು. ಅದಾಗಿ ಸ್ವಲ್ಪ ದಿನಕ್ಕೇ ಅವರು ತಂಗಿಯ ಜೊತೆಗಿರಲು ತಿರುಪತ್ತೂರಿಗೆ ಹೋದರು. ಯುಗಾದಿಗೆ ಫೋನು ಮಾಡುತ್ತಾರೆ, ನಾನು ಕ್ರಿಸ್‌ಮಸ್ಸಿಗೆ ಮಾಡುತ್ತೇನೆ.

ಆವತ್ತು ಮಾತ್ರ ನಾನು ಮುಚ್ಚಿದ ಕಿಟಕಿಗೇ ಒಂದು ನಮಸ್ಕಾರ ಹಾಕಿ, ಮನೆಗೆ ಹೊರಟೆ. ಅರ್ಧ ದಾರಿಗೆ ಬಂದ ಮೇಲೆ ಗೊತ್ತಾಯಿತು, ಕುಂಟುವುದನ್ನು ಮರೆತಿದ್ದೆ.