ಹೆಚ್ಚು ಓಡಿದ ಮುನ್ನೂರ ಹತ್ತು ಮೀಟರು

ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷ. ಆರಕ್ಕೇ ಬಿಡುತ್ತೇವೆ ಎಂದಿದ್ದರು; ಮುಖ್ಯ ಅತಿಥಿಗಳ ಕೈಗೆ ಹಸಿರು ಬಾವುಟ ಸಿಗುವುದರಲ್ಲಿ ಹನ್ನೆರಡು ನಿಮಿಷ ಕಳೆಯಿತು. ಅಷ್ಟು ಹೊತ್ತು ಪುಣೆಯ ಚಳಿಯಲ್ಲಿ ಸಾವಿರಾರು ಜನರ ನಡುವೆ ಕುಣಿಯುತ್ತ ನಿಂತಿದ್ದು, ನನ್ನ ಜೀವನದ ಮೊದಲ ಅರ್ಧ ಮ್ಯಾರಥಾನ್ ಶುರು ಮಾಡಿದೆ. ಓಟ ಮುಗಿದು ಇಂದಿಗೆ ಇಪ್ಪತ್ತಮೂರು ದಿನ. ಕಾಲು ನೋವು ನಾಲ್ಕನೆಯ ದಿನಕ್ಕೇ ಹೋಯಿತು. ಮುನ್ನೂರ ಹತ್ತು ಮೀಟರಿನ ಪತ್ತೆ ಮಾತ್ರ ಇನ್ನೂ ಹತ್ತಿಲ್ಲ.

ನಾನು ಎಲ್ಲವನ್ನೂ ಬರೆದಿಡುವವಳು. ಹುಟ್ಟು ಓಟಗಾರ್ತಿಯಂತೂ ಅಲ್ಲ; ಶಾಲೆಯ ಆಟೋಟದ ದಿನ ಓಡುವವರ ಚಪ್ಪಲಿ ಕಾಯುವ ಕೆಲಸ ನನ್ನದಾಗಿತ್ತು. ಆದರೆ ಓಟದಲ್ಲಿ ಬರೆದಿಡಲು ಎಷ್ಟೊಂದು ಇದೆ ಎಂದು ತಿಳಿದ ದಿನವೇ ನಾನು ಅದಕ್ಕೆ ಸೋತೆ. ಹದಿನಾಲ್ಕು ವಾರ, ನಲವತ್ತಾರು ಓಟ. ನಾಯಿ ಅಟ್ಟಿಸಿಕೊಂಡು ಬಂದದ್ದು ಮೂರು ಸಲ. ಆ ಮೂರರಲ್ಲಿ ಎರಡು ಕಿಲೋಮೀಟರುಗಳು ನನ್ನ ಅತಿ ವೇಗದವು ಎಂಬುದನ್ನೂ ಡೈರಿ ಪ್ರಾಮಾಣಿಕವಾಗಿ ಹೇಳುತ್ತದೆ.

ಈ ಓಟದ ಹಿಂದೆ ಒಂದು ಪಣವಿತ್ತು. ಅಪ್ಪನಿಗೆ ಪುಣೆಗೆ ಅಂಟಿಕೊಂಡ ನಿಗಡಿಯಲ್ಲಿ ಬಟ್ಟೆ ಅಂಗಡಿ. ಮೂವತ್ತು ವರ್ಷದಿಂದ ಅದೇ ಹಣದ ಗಲ್ಲೆ, ಅದೇ ಕಬ್ಬಿಣದ ಮೀಟರ್ ಕಡ್ಡಿ. ಮಳೆಗಾಲದ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಏರಿತ್ತು. ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಸೂಜಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಪ್ಪ ಅವರ ಮುಂದೆ ತಲೆಯಾಡಿಸಿ, ಮನೆಗೆ ಬಂದು ವಾದ ಹೂಡಿದರು.

"ಮೂವತ್ತ ವರ್ಷ ಅಂಗಡ್ಯಾಗ ನಿಂತೀನಿ. ನಿಂತದ್ದು ನಡದಂಗ ಅಲ್ಲೇನು?"

"ನಿಂತ ಗಾಡಿಗೆ ಕಿಲೋಮೀಟರ್ ಬೀಳ್ತಾವೇನ್ರಿ?" ಎಂದಳು ಅವ್ವ.

"ನೋಡು, ಕೆಲಸಿಲ್ಲದ ನಡಿಯೂದಂದ್ರ ಗಿರಾಕಿ ಇಲ್ಲದ ಬಟ್ಟಿ ಥಾನು ಬಿಚ್ಚಿದಂಗ. ಬಿಚ್ಚೂದೂ ನಾನ, ಸುತ್ತಿ ಇಡೂದೂ ನಾನ."

ಎರಡು ತಿಂಗಳು ಇದೇ ನಡೆಯಿತು. ಕೊನೆಗೊಂದು ಬೆಳಿಗ್ಗೆ ನನ್ನ ಬೂಟುಗಳ ಕಡೆ ಬೆರಳು ತೋರಿಸಿ ಅಪ್ಪ ಕರಾರು ಹಾಕಿದರು. "ಸುಧಾ, ನೀ ಆ ಓಟಾ ಎರಡೂವರಿ ತಾಸಿನಾಗ ಮುಗಿಸಿ ಬಾ. ಮರುದಿನದಿಂದ ನಾ ನಡೀತೀನಿ. ಒಂದು ಸೆಕೆಂಡ್ ಹೆಚ್ಚಾದ್ರೂ, ನಡಿಗಿ ಅನ್ನೂ ಶಬ್ದ ಈ ಮನ್ಯಾಗ ಯಾರೂ ತಗೀಬಾರದು."

"ಕೇಳಿದೇನವಾ?" ಅವ್ವ ನನ್ನ ಕಡೆ ತಿರುಗಿದಳು. "ಶುಗರ್ ಅವರದು, ಓಡಾಕಿ ನೀನು."

ಆಗ ಅಭ್ಯಾಸದಲ್ಲಿ ಅಷ್ಟೇ ದೂರಕ್ಕೆ ನನ್ನ ಅತ್ಯುತ್ತಮ ಸಮಯ ಎರಡು ಗಂಟೆ ಮೂವತ್ತನಾಲ್ಕು ನಿಮಿಷ. ಅಪ್ಪನಿಗೆ ಅದು ಗೊತ್ತಿತ್ತು. ನನ್ನ ಡೈರಿ ಊಟದ ಮೇಜಿನ ಮೇಲೇ ಬಿದ್ದಿರುತ್ತದೆ.

ಅರ್ಧ ಮ್ಯಾರಥಾನ್ ಎಂದರೆ ಇಪ್ಪತ್ತೊಂದು ಕಿಲೋಮೀಟರು, ಮೇಲೆ ತೊಂಬತ್ತೇಳೂವರೆ ಮೀಟರು. ಆ ಅರ್ಧ ಮೀಟರನ್ನೂ ಬಿಡದ ಜನರ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ನಮ್ಮ ಹಿಂದಿನವರು ಇಷ್ಟು ಬಿಗಿಯಾಗಿರಲಿಲ್ಲ. ಹರದಾರಿ ಎಂದರೆ ಸುಮಾರು ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ ಎನ್ನುತ್ತಾರೆ. ಅದೂ ಊರಿಗೊಂದು ಲೆಕ್ಕ. ಹಾಗೆ ನೋಡಿದರೆ ನಾನು ಓಡಬೇಕಾದದ್ದು ಒಂದು ಗಾವುದ, ಮೇಲೊಂದಿಷ್ಟು ಕೊಸರು. ದಾರಿ ಕೇಳಿದವನಿಗೆ "ಇಲ್ಲೇ ಒಂದು ಹರದಾರಿ" ಎಂದು ಹೇಳಿ ಕಳಿಸುತ್ತಿದ್ದ ಕಾಲದಲ್ಲಿ ನನ್ನಂಥವಳು ಡೈರಿಯಲ್ಲಿ ಏನು ಬರೆಯುತ್ತಿದ್ದಳೋ!

ಓಟದ ದಿನ ಎಲ್ಲವೂ ನೆಟ್ಟಗಿತ್ತು. ಕೈಗಡಿಯಾರ ಪ್ರತಿ ಕಿಲೋಮೀಟರಿಗೂ ಕಂಪಿಸಿ ಸಮಯ ಹೇಳುತ್ತಿತ್ತು. ನಾನು ಅದರ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳಲಿಲ್ಲ. ರಸ್ತೆಯ ಪಕ್ಕದ ಫಲಕಗಳು ನನ್ನ ಗಡಿಯಾರಕ್ಕಿಂತ ಸ್ವಲ್ಪ ತಡವಾಗಿ ಬರುತ್ತಿವೆ ಎಂದು ಐದನೆಯ ಕಿಲೋಮೀಟರಿನಲ್ಲೇ ಗಮನಿಸಿದೆ. ಫಲಕ ನೆಟ್ಟವರು ಅಜಾಗರೂಕರು ಎಂದು ತೀರ್ಪು ಕೊಟ್ಟು ಮುಂದೆ ಓಡಿದೆ. ಗುಂಪುಗಳನ್ನು ಸುತ್ತಿ ಹೋದೆ. ನೆರಳು ಕಂಡರೆ ರಸ್ತೆಯ ಆಚೆ, ಕಿತ್ತಳೆ ತೊಳೆ ಹಂಚುವವರು ಕಂಡರೆ ಈಚೆ. ಒಂದು ಚೌಕದಲ್ಲಿ ಢೋಲು ಬಾರಿಸುತ್ತಿದ್ದವರನ್ನು ಹತ್ತಿರದಿಂದ ನೋಡೋಣವೆಂದು ತಿರುವಿನ ಹೊರ ಅಂಚಿಗೇ ಹೋಗಿಬಂದೆ. ಹದಿನೇಳರಿಂದ ಮುಂದೆ ತೊಡೆಗಳು ಕಲ್ಲಾದವು. ಆದರೂ ಮನಸ್ಸು ಒಂದೇ ಭಾಗಾಕಾರವನ್ನು ಮಾಡುತ್ತಲೇ ಇತ್ತು: ಉಳಿದ ದೂರ, ಉಳಿದ ನಿಮಿಷ, ಅಪ್ಪ.

ಇಪ್ಪತ್ತೊಂದು ಕಿಲೋಮೀಟರು ನೂರು ಮೀಟರು ಎಂದು ಗಡಿಯಾರ ತೋರಿಸಿದಾಗ ಎರಡು ಗಂಟೆ ಇಪ್ಪತ್ತೆಂಟು ನಿಮಿಷ ಐವತ್ತೆರಡು ಸೆಕೆಂಡು. ಗೆದ್ದೆ! ಎರಡೂ ಕೈ ಮೇಲೆತ್ತಿ, ನಡುರಸ್ತೆಯಲ್ಲಿ ನಿಂತುಬಿಟ್ಟೆ. ಕಣ್ಣೆತ್ತಿ ನೋಡಿದರೆ ಮುಗಿಸುವ ಕಮಾನು ದೂರದಲ್ಲಿ, ಗುಬ್ಬಿಯಷ್ಟು ಕಾಣುತ್ತಿತ್ತು. ಇದು ಅವರ ತಪ್ಪೇ ಹೊರತು ನನ್ನದಲ್ಲ ಎಂದುಕೊಳ್ಳುತ್ತಿರುವಾಗ ಹಿಂದಿನಿಂದ ಬಂದ ನರೆಗೂದಲಿನ ಹೆಂಗಸೊಬ್ಬರು ಬೆನ್ನಿಗೆ ತಟ್ಟಿ, "ಅಗ, ಪಳ ಕೀ! ಗೇಟ್ ಪುಢೇ ಆಹೆ!" ಎಂದರು. ಓಡೇ ಹುಡುಗಿ, ಗೇಟು ಮುಂದಿದೆ! ಹನ್ನೊಂದು ಸೆಕೆಂಡು ನಿಂತಿದ್ದೆ. ಕಮಾನು ದಾಟಿದಾಗ ಎರಡು ಗಂಟೆ ಮೂವತ್ತೊಂದು ನಿಮಿಷ ಹದಿನಾಲ್ಕು ಸೆಕೆಂಡು. ನಿಲ್ಲದೆ ಓಡಿದ್ದರೂ ಮೂವತ್ತು ದಾಟುತ್ತಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಗಡಿಯಾರದ ಪ್ರಕಾರ ನಾನು ಮುನ್ನೂರ ಹತ್ತು ಮೀಟರು ಹೆಚ್ಚು ಓಡಿದ್ದೆ.

ಮನೆಯಲ್ಲಿ ಅಪ್ಪ ಉಪ್ಪಿಟ್ಟಿನ ಮುಂದೆ ಕೂತಿದ್ದರು. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟೆ. "ಅಪ್ಪಾ, ಪೂರಾ ದೂರ ಎರಡೂವರಿ ತಾಸಿನಾಗ ಮುಗದದ. ಇದರಾಗ ಅದ, ನೋಡು."

"ಗೇಟ್ ದಾಟಿದ್ದು ಎಷ್ಟಕ್ಕ?"

ಹೇಳಿದೆ. "ಆದ್ರ ಅವರು ಮುನ್ನೂರ ಹತ್ತು ಮೀಟರ್ ಹೆಚ್ಚು ಓಡಿಸ್ಯಾರ."

"ಅವರು ಓಡಿಸಿಲ್ಲ. ನೀ ಓಡೀದಿ." ಅಪ್ಪ ನನ್ನ ಕೊರಳಿನ ಪದಕ ತೆಗೆದು, ಉಪ್ಪಿಟ್ಟು ಬೇರೆ ಬಟ್ಟಲಿಗೆ ಸುರಿದು, ಪದಕದ ಪಟ್ಟಿಯನ್ನು ತಾಟಿನ ಒಳಗಿನ ಅಂಚಿಗೆ ಸುತ್ತಿ ಉಗುರಿನಿಂದ ಗುರುತು ಮಾಡಿದರು. ಆಮೇಲೆ ಹೊರಗಿನ ಅಂಚಿಗೆ ಸುತ್ತಿದರು. "ತಾಟು ಒಂದ. ಹೊರಗ ನಾಕ್ ಬಟ್ಟು ಹೆಚ್ಚು ಬಂತಿಲ್ಲೋ? ದಾರಿ ಅಳಿಯಾವ ಒಳಗಿನ ಅಂಚು ಹಿಡದು ಬಿಗಿಯಾಗಿ ಅಳೀತಾನ. ನೀ ಆ ಕಡೆ ಈ ಕಡೆ ಡೀಲಾ ಬಿಟ್ಟು ಓಡೀದಿ. ಅಂಗಡ್ಯಾಗ ಡೀಲಾ ಬಿಟ್ಟು ಅಳದ್ರ ಬಟ್ಟಿ ಹೆಚ್ಚು ಹೋಗತದ. ಮೀಟರ್ ಹೆಚ್ಚಾಗೂದಿಲ್ಲ."

"ಹಂಗಾದ್ರ ಸೋತೆ?"

"ಸೋತಿ. ಅಳತಿ ಕಡ್ಡೀದು, ಗಿರಾಕೀದಲ್ಲ." ನಲವತ್ತಾರು ಓಟಗಳು ತಾಟಿನ ಅಂಚಿನಲ್ಲಿ ಮುಗಿದುಹೋದವು. ಅವ್ವ ಒಲೆಯ ಕಡೆ ತಿರುಗಿದಳು. ಡೈರಿಯಲ್ಲಿ ಆ ದಿನದ ಸಾಲು ಇಷ್ಟೇ: ಒಂದು ನಿಮಿಷ ಹದಿನಾಲ್ಕು ಸೆಕೆಂಡು.

ಸಂಜೆ ಪೇಪರಿನ ಹಿಂದಿನಿಂದ ಅಪ್ಪನ ದನಿ ಬಂತು. "ಮುನ್ನೂರ ಹತ್ತೂ ತಿರುವಿನಾಗ ಹೋಗಿರಾಕ ಸಾಧ್ಯಿಲ್ಲ ಅಲ್ಲೇನು?"

"ಗೊತ್ತಿಲ್ಲ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಕೊರಳಲ್ಲಿ ಅಂಗಡಿಯ ಟೇಪು, ಜೇಬಿನಲ್ಲಿ ಸೀಮೆಸುಣ್ಣ. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು. "ನಡ್ಯಾಕ ಹೊಂಟಿಲ್ಲ. ಅಳ್ಯಾಕ ಹೊಂಟೀನಿ." ಒಳಗಿನಿಂದ ಅವ್ವ, ಸುಮ್ಮನಿರು ಎಂಬಂತೆ ನನ್ನ ದುಪಟ್ಟಾ ಎಳೆದಳು.

ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಸುತ್ತುದಾರಿ ಇದೆ. ಅಪ್ಪ ಮೊದಲು ತಮ್ಮ ಹೆಜ್ಜೆಯನ್ನೇ ಅಳೆದರು: ಹತ್ತು ಹೆಜ್ಜೆಗೆ ಆರು ಮೀಟರು ಇಪ್ಪತ್ತು ಸೆಂಟಿಮೀಟರು. ಆಮೇಲೆ ಒಳ ಅಂಚು ಹಿಡಿದು ಒಂದು ಸುತ್ತು, ನಾನೂರ ಹನ್ನೆರಡು ಹೆಜ್ಜೆ. ಹೊರ ಅಂಚು ಹಿಡಿದು ನಾನೂರ ಮೂವತ್ತಾರು. ಮರುದಿನ ನಾನೂರ ಒಂಬತ್ತು, ನಾನೂರ ಮೂವತ್ತೆಂಟು. ಅಪ್ಪನಿಗೆ ಇದು ಸಹಿಸಲಾಗಲಿಲ್ಲ. "ಕಡ್ಡಿ ದಿನಾ ಬದಲಾಗೂದಿಲ್ಲ, ಕಾಲು ಬದಲಾಗತಾವ. ಮೂರ್ ಮೂರ್ ಸಲ ತಗೀಬೇಕು." ಈಗ ದಿನಕ್ಕೆ ಒಳಗೆ ಮೂರು ಸುತ್ತು, ಹೊರಗೆ ಮೂರು. ಮೂರನೆಯ ದಿನ, ನೆಲ ನೋಡುತ್ತ ಎಣಿಸುತ್ತಿದ್ದ ಅಪ್ಪನನ್ನು ಬೆಂಚಿನ ಮೇಲಿದ್ದ ಅಜ್ಜ ಕೇಳಿದರಂತೆ: "ಕಾಕಾ, ಕಾಯ್ ಹರವ್ಲ?" ಏನು ಕಳೆಯಿತು? ಅಪ್ಪ ತಲೆ ಎತ್ತದೆ, "ಮುಲೀಚೇ ತೀನ್‌ಶೇ ದಹಾ ಮೀಟರ್" ಎಂದರಂತೆ. ಮಗಳ ಮುನ್ನೂರ ಹತ್ತು ಮೀಟರು. ಆ ಅಜ್ಜನೂ ಈಗ ಎಣಿಸಲು ಜೊತೆಗಿದ್ದಾರೆ. ಇಬ್ಬರ ಎಣಿಕೆ ಒಂದು ದಿನವೂ ಕೂಡಿಲ್ಲ. ಕೂಡದ ದಿನ ಇನ್ನೆರಡು ಸುತ್ತು ಹೆಚ್ಚು.

ಇಪ್ಪತ್ತೆರಡು ಬೆಳಗುಗಳಲ್ಲಿ ಇಪ್ಪತ್ತು ದಿನ ಅಳತೆ ನಡೆದಿದೆ. ಒಂದು ದಿನ ನೆಗಡಿ, ಇನ್ನೊಂದು ದಿನ ಅಂಗಡಿಗೆ ಮದುವೆಯ ಗಿರಾಕಿಗಳು ಬೇಗ ಬಂದಿದ್ದರು. ಡೈರಿಯಲ್ಲಿ ಇದಕ್ಕೆ ಬೇರೆ ಪುಟ ಮಾಡಿದ್ದೇನೆ. ತಲೆಬರಹ "ಅಳತೆ", ಪಣದಂತೆ ಇನ್ನೊಂದು ಶಬ್ದ ಬಳಸುವಂತಿಲ್ಲ. ಮುಂದಿನ ರಕ್ತ ಪರೀಕ್ಷೆಯ ಅಂಕಿಗೆ ಕೆಳಗೊಂದು ಸಾಲು ಖಾಲಿ ಬಿಟ್ಟಿದ್ದೇನೆ.

ಅಪ್ಪನ ಈವರೆಗಿನ ಅಂದಾಜಿನಂತೆ ತಿರುವುಗಳಲ್ಲಿ ಹೋದದ್ದು ನೂರ ತೊಂಬತ್ತು ಮೀಟರು. ಉಳಿದ ನೂರ ಇಪ್ಪತ್ತು ಎಲ್ಲಿ? ಕಿತ್ತಳೆಯಲ್ಲೋ, ನೆರಳಿನಲ್ಲೋ, ಎತ್ತರದ ಕಟ್ಟಡಗಳ ಸಂದಿಯಲ್ಲಿ ದಾರಿ ತಪ್ಪುವ ನನ್ನ ಗಡಿಯಾರದ ತಲೆಯಲ್ಲೋ? ಇದನ್ನು ಬಲ್ಲವರು, ರಸ್ತೆ ಅಳೆದು ಅನುಭವವಿದ್ದವರು ದಯವಿಟ್ಟು ಎರಡು ಸಾಲು ಬರೆಯಿರಿ. ಕುತೂಹಲಕ್ಕೆ ನಿದ್ದೆ ಬರುತ್ತಿಲ್ಲ. ಆದರೆ ಕಾಗದ ನನ್ನ ಹೆಸರಿಗಿರಲಿ. ಅಪ್ಪನಿಗೆ ಮಾತ್ರ ಉತ್ತರ ತಿಳಿಸಬೇಡಿ.