ನಿಂತಾಗಿನ ಬಳಕೆ

ಕಳೆದ ಜುಲೈ ಮೂರನೇ ವಾರದ ಮಂಗಳವಾರ ಮಧ್ಯಾಹ್ನ, ಕೊಲ್ಲಿ ನಾಡಿನ ಲುಸೈಲ್‌ ನಗರದ ಗೋದಾಮೊಂದರ ಮುಂದೆ ಸರಕು ಇಳಿಸಲು ಸರದಿಯಲ್ಲಿ ನಿಂತಿದ್ದ ನಮ್ಮ ಕಂಪನಿಯ ವಿದ್ಯುತ್ ಟ್ರಕ್‌ನ ಚಾಲಕರು ಕ್ಯಾಬಿನ್‌ನಲ್ಲೇ ಪ್ರಜ್ಞೆ ತಪ್ಪಿದರು. ಸರದಿ ಬಂತೆಂದು ಕಿಟಕಿ ಬಡಿಯಲು ಹೋದ ಗೇಟಿನ ಕಾವಲುಗಾರ ಅವರನ್ನು ನೋಡಿದ. ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು. ಎ.ಸಿ. ಆರಿಸಲಾಗಿತ್ತು.

ಕಂಪನಿಯ ಕಚೇರಿಯಲ್ಲಿ ವರದಿ ಸಿದ್ಧಪಡಿಸುವುದು ನನ್ನ ಕೆಲಸ. ನಮ್ಮ ದೊಡ್ಡ ಗ್ರಾಹಕರೊಬ್ಬರು ತಮ್ಮ ಸರಕು ಹೊಗೆಯಿಲ್ಲದ ವಾಹನದಲ್ಲೇ ಬರಬೇಕೆಂದು ಷರತ್ತು ಹಾಕಿದ ಮೇಲೆ ಐದು ವಿದ್ಯುತ್ ಟ್ರಕ್‌ಗಳು ಬಂದಿದ್ದವು. ಡೀಸೆಲ್ ಟ್ರಕ್‌ಗಳು ಒಂದೊಂದಾಗಿ ಮಾರಾಟವಾಗುತ್ತಿದ್ದವು. ಹೊಸ ವಾಹನಕ್ಕೆ ಯಾರನ್ನು ಉಳಿಸಿಕೊಳ್ಳಬೇಕು ಎಂಬುದಕ್ಕೆ ಪ್ರತಿ ವಾರ ಒಂದು ಪಟ್ಟಿ ತಯಾರಾಗುತ್ತಿತ್ತು. ಅದನ್ನು ತಯಾರಿಸುತ್ತಿದ್ದವನು ನಾನು. ಅದರಲ್ಲಿ ‘ನಿಂತಾಗಿನ ಬಳಕೆ’ ಎಂಬ ಕಾಲಂ ಇತ್ತು. ಟ್ರಕ್ ಓಡದೆ ನಿಂತಿರುವಾಗ ಖರ್ಚಾದ ಚಾರ್ಜ್‌ಗೆ ಅಂಕ ಕಡಿತ.

ಡೀಸೆಲ್ ಕಾಲದಲ್ಲಿ ಬೇಸಿಗೆಯ ಸರದಿಯಲ್ಲಿ ಯಾರೂ ಎಂಜಿನ್ ಆರಿಸುತ್ತಿರಲಿಲ್ಲ. ಎ.ಸಿ. ಹಾಕಿಕೊಂಡು ಸೀಟಿನ ಹಿಂದೆ ಕಾಲು ಚಾಚಿ ಮಲಗುತ್ತಿದ್ದರು. ಎಷ್ಟು ಡೀಸೆಲ್ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ಹೊಸ ಟ್ರಕ್‌ನಲ್ಲಿ ಚಾರ್ಜ್‌ನ ಅಂಕಿ ಚಾಲಕರ ಕಣ್ಣೆದುರೇ ಇಳಿಯುತ್ತಿತ್ತು.

ಈ ಚಾಲಕರು ಉಡುಪಿ ಕಡೆಯ ಕ್ರೈಸ್ತರು. ಮನೆಮಾತು ಕೊಂಕಣಿ; ಘಟ್ಟದ ಮೇಲಿನವನಾದ ನನ್ನೊಡನೆ ಕನ್ನಡ. ಶುಕ್ರವಾರ ಅಬು ಹಮೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಾಗ ನನ್ನ ಕೋಣೆಗೆ ಬರುತ್ತಿದ್ದರು. ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೊಂದು ವರ್ಷವಿತ್ತು. ಅಲ್ಲಿಯವರೆಗೆ ಕೆಲಸ ಉಳಿಯಬೇಕಿತ್ತು.

“ಈ ವಾರ ನಾನು ಎಷ್ಟನೆಯವ ಮಾರಾಯ್ರೆ?” ಎಂದು ಜೂನ್‌ನಲ್ಲಿ ಕೇಳಿದ್ದರು.

“ನಾಲ್ಕನೆಯವರು.”

“ಮೊದಲು ಆ ಮಲಯಾಳಿಯೇ ಅಲ್ವಾ? ಅವ ಟ್ರಕ್ ಓಡಿಸುದಾ, ಇಳಿದು ತಳ್ಳುದಾ?”

ಇಬ್ಬರೂ ನಕ್ಕೆವು. ಜುಲೈ ಎರಡನೇ ವಾರದ ಪಟ್ಟಿಯಲ್ಲಿ ಅವರು ಮೊದಲನೆಯವರಾಗಿದ್ದರು. ನಿಂತಾಗಿನ ಬಳಕೆಯ ಕಾಲಂನಲ್ಲಿ ಸೊನ್ನೆ ಇತ್ತು. ಆ ಬಿಸಿಲಿನಲ್ಲಿ ಸೊನ್ನೆ ಹೇಗೆ ಬಂತೆಂದು ನಾನು ಕೇಳಲಿಲ್ಲ. ಪಟ್ಟಿ ಕಳುಹಿಸಿದೆ.

ಆಸ್ಪತ್ರೆಯಲ್ಲಿ ಅವರು ಮಾತಾಡುವಂತಾದದ್ದು ನಾಲ್ಕನೇ ದಿನ.

“ಎ.ಸಿ. ಯಾಕೆ ಆರಿಸಿದ್ರಿ ಅಣ್ಣಾ?”

“ನಿಮ್ಮ ಪಟ್ಟಿ ಉಂಟಲ್ಲ.”

“ಎ.ಸಿ.ಗೆ ಅಷ್ಟೇನೂ ಚಾರ್ಜ್ ಹೋಗಲ್ಲ. ಇಡೀ ಸರದಿ ಹಾಕಿಕೊಂಡಿದ್ರೂ ವಾಪಸ್ ಡಿಪೊಗೆ ಆರಾಮಾಗಿ ಬರಬಹುದಿತ್ತು.”

“ಹೌದಾ? ಅದನ್ನು ಮೊದಲೇ ಹೇಳ್ಬಹುದಿತ್ತಲ್ಲ ಮಾರಾಯ್ರೆ.”

ಘಟನೆಯ ವರದಿಯನ್ನೂ ನಾನೇ ಬರೆಯಬೇಕಾಯಿತು. ಕಾರಣದ ಜಾಗದಲ್ಲಿ ‘ಚಾಲಕರ ಅಜಾಗರೂಕತೆ’ ಎಂದು ಬರೆದರೆ ಸಾಕು ಎಂದರು ಮ್ಯಾನೇಜರ್. “ಖಲಾಸ್, ಮುಗಿಸಿಬಿಡಿ.” ಅದರ ಬದಲು ನಾನು ಎರಡು ವಾಕ್ಯ ಬರೆದೆ: ಎ.ಸಿ. ಕೆಟ್ಟಿರಲಿಲ್ಲ, ಚಾಲಕರೇ ಆರಿಸಿದ್ದರು. ಅದನ್ನು ಹಾಕಿಕೊಂಡವರಿಗೆ ಕಂಪನಿಯ ಪಟ್ಟಿಯಲ್ಲಿ ಅಂಕ ಕಡಿತವಾಗುತ್ತಿತ್ತು. ವರದಿಯನ್ನು ಹಾಗೆಯೇ ಮೇಲಕ್ಕೆ ಕಳುಹಿಸಿದೆ. ಎರಡು ವಾರದ ನಂತರ ಪಟ್ಟಿಯಿಂದ ಆ ಕಾಲಂ ತೆಗೆಯಲು ಸೂಚನೆ ಬಂತು.

ಬಿಸಿಲಿನಲ್ಲಿ ಟ್ರಕ್ ಓಡಿಸುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆ ಚಾಲಕರು ಈಗ ಡಿಪೊದಲ್ಲಿ, ಹಿಂತಿರುಗಿದ ಟ್ರಕ್‌ಗಳಿಗೆ ಚಾರ್ಜಿಂಗ್ ಕೇಬಲ್ ಜೋಡಿಸುತ್ತಾರೆ. ಅವರ ಟ್ರಕ್ ಮಲಯಾಳಿ ಚಾಲಕನ ತಮ್ಮನಿಗೆ ಹೋಗಿದೆ. ಇವರ ಕೆಲಸದ ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ನವೀಕರಣದ ಅರ್ಜಿ ಮ್ಯಾನೇಜರ್ ಮೇಜಿನ ಮೇಲಿದೆ. ನಿನ್ನೆ ಸಂಜೆಯವರೆಗೆ ಸಹಿ ಆಗಿರಲಿಲ್ಲ.