ತಾಯಿಮಾಮನ ಆಲ್ಬಮ್

ಕೊಯಮತ್ತೂರಿನ ಬಳಿಯ ಪೆರಿಯನಾಯಕನಪಾಳ್ಯಂನಲ್ಲಿ ಮದುವೆ ಫೋಟೋ ತೆಗೆಯುವ ಭೂಪತಿಗೆ ಬಣ್ಣದ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಮೈ ಉರಿಯುತ್ತಿತ್ತು. ತಲೆತಲಾಂತರದಿಂದ ನೇಯ್ಗೆಯ ಮನೆ. ಅಪ್ಪ ತೀರಿಕೊಂಡ ಮೇಲೆ ಮಗ್ಗ ನಿಂತಿತ್ತು, ಗತ್ತು ನಿಂತಿರಲಿಲ್ಲ.

2007ರಲ್ಲಿ ಅಕ್ಕನ ಮಗಳು ಅಭಿನಯಾಳ ಮದುವೆ ಗೊತ್ತಾಯಿತು. ಹುಡುಗಿ ಕಪ್ಪೆಂದು ಬಂದ ಸಂಬಂಧಗಳೆಲ್ಲ ತಪ್ಪಿ, ಕೊನೆಗೆ ಕಾರಮಡೈ ಊರಿನ ಗಂಡಿನ ಕಡೆಯವರು ಒಪ್ಪಿದ್ದರು. ತಾಯಿಮಾಮ, ಅಂದರೆ ಸೋದರಮಾವ, ಕೊಡುವ ಉಡುಗೊರೆಯ ಸೀರು ಎಂದರೆ ಅವರಲ್ಲಿ ಹೆಣ್ಣಿಗೆ ಸಲ್ಲುವ ಮರ್ಯಾದೆ. ಮದುವೆಯ ಆಲ್ಬಮ್ಮನ್ನು ತಾನೇ ಮಾಡಿ, ಅದನ್ನೂ ಸೀರಿಗೆ ಸೇರಿಸಿ ಒಯ್ಯಬೇಕೆಂದು ಭೂಪತಿಯ ಆಸೆ. ಅದಕ್ಕೆ ಲ್ಯಾಪ್‌ಟಾಪ್ ಕೊಳ್ಳಲು, ಮಹಡಿಯಲ್ಲಿ ಬಾಡಿಗೆಗಿದ್ದ ಮೈಸೂರಿನ ಎಂಜಿನಿಯರ್ ಯಶ್ವಂತನನ್ನು ಕರೆದುಕೊಂಡು ಕೊಯಮತ್ತೂರಿಗೆ ಹೋದ.

ಕೈಯಲ್ಲಿದ್ದ ದುಡ್ಡಿಗೆ ಸಿಗುತ್ತಿದ್ದವು ಎರಡೇ. ಒಂದು ನಿಧಾನ, ಆದರೆ ಪರದೆ ಒಳ್ಳೆಯದು. ಇನ್ನೊಂದು ಬಲು ಚುರುಕು. ಅದರ ಪರದೆಯನ್ನು ಕೆಳಗಿನಿಂದ ನೋಡಿದರೆ ಚಿತ್ರವೆಲ್ಲ ಕಪ್ಪಾಗುತ್ತಿತ್ತು.

“ಫೋಟೋ ಕೆಲಸಕ್ಕೆ ಮೊದಲು ಪರದೆ ನೋಡ್ಬೇಕು ಅಣ್ಣಾ. ನಿಧಾನ ಆದ್ರೂ ಪರವಾಗಿಲ್ಲ, ಇದನ್ನೇ ತಗೊಳ್ಳಿ,” ಎಂದ ಯಶ್ವಂತ್.

“ಬಣ್ಣ ನೋಡಾಕೆ ನಂಗೇ ಹೇಳ್ಕೊಡ್ತೀಯಾ ತಂಬಿ? ಬಣ್ಣದ ನೂಲಿನ ನಡುವೇನೇ ಬೆಳೆದೋನು ನಾನು!”

ಯಶ್ವಂತನ ಮುಖ ಸಪ್ಪಗಾಯಿತು. ಭೂಪತಿ ಚುರುಕಿನದ್ದನ್ನೇ ಮನೆಗೆ ತಂದ.

ಮದುವೆ ಮುಗಿದ ಮೇಲೆ ಅಪ್ಪನ ಕುಣಿಮಗ್ಗಕ್ಕೆ ಅಡ್ಡಲಾಗಿ ಹಲಗೆ ಹಾಕಿ ಲ್ಯಾಪ್‌ಟಾಪ್ ಇಟ್ಟ. ಅಪ್ಪನಂತೆಯೇ ಕುಣಿಯೊಳಗೆ ಕಾಲಿಳಿಸಿ ಕೂತ. ಪರದೆ ಕಣ್ಣಿಗಿಂತ ಮೇಲಾಯಿತು. ಅಭಿನಯಾ ಇರುವುದಕ್ಕಿಂತ ಕಪ್ಪಗೆ ಕಂಡಳು. ಅವಳ ಮುಖವನ್ನು ತಿಳಿ ಮಾಡಿದ, ಇನ್ನಷ್ಟು ಮಾಡಿದ. ನೀರು ಕುಡಿಯಲೆಂದು ಎದ್ದು ನಿಂತು ನೋಡಿದರೆ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಕೆಳಗಿನಿಂದ ನೋಡಿ ಮೋಸಹೋದದ್ದು ತಿಳಿಯಿತು. ಆದರೂ, ಕಾರಮಡೈಯವರ ಕಣ್ಣಿಗೆ ಬೆಳ್ಳಗೇ ಕಾಣಲಿ ಬಿಡು ಎಂದುಕೊಂಡ. ಆಲ್ಬಮ್ ಹಾಗೇ ಅಚ್ಚಾಯಿತು.

ಕಾರಮಡೈಯಲ್ಲಿ ಅತ್ತೆ ನಾಚಿಯಮ್ಮ ಹಾಳೆ ತಿರುಗಿಸಿ, “ಅಡೇ! ನಮ್ಮ ಸೊಸೆ ಎಷ್ಟು ಬೆಳ್ಳಗವಳೆ ನೋಡ್ರೀ! ನಿಜಕ್ಕೂ ಹಿಂಗೇ ಇದ್ದಿದ್ರೆ!” ಎಂದರು. ಮನೆಯವರೆಲ್ಲ ನಕ್ಕರು. ಅಭಿನಯಾ ನಗಲಿಲ್ಲ. ಚಿಕ್ಕಂದಿನಿಂದ ಅವಳ ಪಟ ತೆಗೆದವನು ಈ ಮಾಮನೇ. ಪೌಡರ್ ಹಚ್ಚಿಕೊಳ್ಳಲು ಹೋದರೆ ‘ಇರೋ ಹಂಗೇ ಬಾ ಕಣ್ಣು’ ಎಂದು ಮುದ್ದಿನಿಂದ ಕರೆದು ಕೂರಿಸಿದವನು.

ಅವನು ಹೊರಟಾಗ ಬಾಗಿಲ ತನಕ ಬಂದಳು.

“ಮಾಮಾ, ಇದು ಹಂಗೇ ಬಿದ್ದಿದ್ದಾ, ನೀವೇ ಮಾಡಿದ್ದಾ?”

ಲ್ಯಾಪ್‌ಟಾಪಿನ ತಪ್ಪೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅರ್ಧ ನಿಜವೂ ಆಗಿತ್ತು. ಭೂಪತಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ನಾನೇ ಕಣ್ಣು,” ಎಂದ.

ಮರುವರ್ಷ ಅವಳ ಮಗುವಿಗೆ ಹೆಸರಿಡುವ ದಿನ ಫೋಟೋ ತೆಗೆಯಲು ಯಾರೂ ಹೇಳದಿದ್ದರೂ ಕ್ಯಾಮೆರಾ ಹೊತ್ತು ಹೋದ. ತೊಟ್ಟಿಲಲ್ಲಿ ತಾಯಿಯದೇ ಬಣ್ಣದ ಹೆಣ್ಣುಮಗು. ಭೂಪತಿ ಚೀಲ ಬಿಚ್ಚುತ್ತಿದ್ದಂತೆ ಅಭಿನಯಾ ಮಗುವನ್ನು ಎತ್ತಿ ಎದೆಗವಚಿಕೊಂಡಳು.

“ಕ್ಯಾಮೆರಾ ಒಳಗಿಡಿ ಮಾಮಾ,” ಎಂದಳು. “ಊಟಕ್ಕೆ ಬನ್ನಿ.”